ಅಕ್ಕನ ಜೊತೆ ಲಂಡನ್ನಿಗೆ

ಲಂಡನ್ನಿಗೆ ಇದು ನನ್ನ ಮೂರನೇ ಸಲ. ಮಗಳು ಹೌನ್ಸ್‌ಲೋದಲ್ಲಿ ಮನೆ ಮಾಡಿದ್ದಾಳೆ, ನೋಡಿ ಬರಬೇಕು ಎಂದು ಊರಲ್ಲಿ ಹೇಳಿಕೊಂಡು ಹೊರಡುತ್ತೇನೆ. ಆದರೆ ಮಗಳು ಅಲ್ಲಿಲ್ಲದಿದ್ದರೂ ನಾನು ಹೋಗುತ್ತಿದ್ದೆ. ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳಿಗೆ ಕ್ಯೂ ಎನ್ನುವ ಸಸ್ಯತೋಟ ಇರುವ ಊರೆಂದರೆ ತವರಿಗೆ ಹೋದ ಹಾಗೆ. ಈ ಸಲ ಅಕ್ಕನನ್ನೂ ಹೊರಡಿಸಿದೆ. ಅವಳಿಗೆ ಅರವತ್ತೇಳು. ಹುಬ್ಬಳ್ಳಿ, ಬೆಂಗಳೂರು, ಒಂದು ಸಲ ಶ್ರೀಶೈಲ, ಅಷ್ಟೇ ಅವಳ ತಿರುಗಾಟ. ಭಾವ ಹೋದ ಮೇಲೆ ಮನೆಯ ಹೊಸಿಲು ದಾಟುವುದನ್ನೇ ಕಡಿಮೆ ಮಾಡಿದ್ದಳು.

ಮೊದಲ ದಿನ

ಜೂನ್ ಮೊದಲ ವಾರ. ಸಂಜೆ ನಾಲ್ಕಕ್ಕೆ ಟ್ಯಾಕ್ಸಿ ಬರುವುದಿತ್ತು. ಮೂರು ಗಂಟೆಗೆ ಅಕ್ಕನ ಸೂಟ್‌ಕೇಸ್ ತೆಗೆಸಿದೆ. ಒಳಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಭಟ್ಟಿಯಿಂದ ಬೆಳಿಗ್ಗೆ ತಾನೇ ತಂದ ಐದು ಸೇರು ಮಂಡಕ್ಕಿ. ಸೀರೆಗಳ ನಡುವೆ ಟವೆಲ್ ಸುತ್ತಿದ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಬೆಣ್ಣೆ ಕಾಸಿದ ತುಪ್ಪ, ಹರಳುಗಟ್ಟಿದೆ. ಅದರ ಕೆಳಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಕರಿಬೇವು.

ಎರಡನ್ನೂ ಹೊರಗೆ ಇಟ್ಟೆ. ಹಾಲು, ಬೆಣ್ಣೆ, ತುಪ್ಪ, ಮಾಂಸ, ಇವನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ನಮ್ಮ ಸಾಮಾನಿನಲ್ಲಿ ಒಯ್ಯುವ ಹಾಗಿಲ್ಲ. ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಕರಿಬೇವಿನ ವಿಷಯ ನಾನೇ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಕಿತ್ತಳೆ, ನಿಂಬೆ ಗಿಡಗಳಿಗೆ ಹಸಿರುರೋಗ ಹರಡುವ ಪುಟ್ಟ ಕೀಟವೊಂದು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಒಂದು ಕಟ್ಟಿನಲ್ಲಿ ಅದರ ಮೊಟ್ಟೆ ಹೋದರೆ ಇನ್ನೊಂದು ದೇಶದ ತೋಟಗಳೇ ಹಾಳಾಗಬಹುದು. ಅಕ್ಕನಿಗೆ ಇಷ್ಟೆಲ್ಲ ಹೇಳಿದೆ. ಕರಿಬೇವಿಗೆ ಒಪ್ಪಿದಳು, ತುಪ್ಪಕ್ಕೆ ಒಪ್ಪಲಿಲ್ಲ. "ಹುಡುಗಿ ಬಾಣಂತನಕ್ಕೂ ನಾನು ಹೋಗ್ಲಿಲ್ಲ, ಒಂದು ಡಬ್ಬಿ ತುಪ್ಪನೂ ಬ್ಯಾಡ ಅಂದ್ರೆ ಹೆಂಗೆ?" ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಕೊನೆಗೆ ಡಬ್ಬಿ ಎದುರು ಮನೆಗೆ ಹೋಯಿತು.

ದಾವಣಗೆರೆ ಬಿಟ್ಟು ಹೆದ್ದಾರಿ ಸೇರಿ ಮುಕ್ಕಾಲು ಗಂಟೆಗೆಲ್ಲ ಚಿತ್ರದುರ್ಗ. ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಕೋಟೆ ಇರುವ ಕಡೆಗೆ ತಿರುಗಿ ಅಕ್ಕ ಕೈಮುಗಿದಳು. ಅಲ್ಲಿಂದ ಹಿರಿಯೂರು, ಶಿರಾ. ಶಿರಾದಲ್ಲಿ ಚಹಾ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ನಮ್ಮ ಕಡೆಯಿಂದ ಹೋಗುವವರು ಈ ದಾರಿಯನ್ನೇ ಹಿಡಿಯಬೇಕು. ಹತ್ತು ಗಂಟೆಗೆ ವಿಮಾನ ನಿಲ್ದಾಣ.

ಎರಡನೇ ಟರ್ಮಿನಲ್ಲಿನ ಒಳಗೆ ಕಾಲಿಟ್ಟ ಅಕ್ಕ ತಲೆ ಎತ್ತಿ ನಿಂತುಬಿಟ್ಟಳು. ಮಾಡಿಗೆಲ್ಲ ಬಿದಿರು, ಅಲ್ಲಲ್ಲಿ ತೂಗುಬಿಟ್ಟ ಗಿಡಗಳು. "ಮದುವೆ ಚಪ್ಪರ ಹಾಕ್ದಂಗೆ ಐತೆ" ಎಂದಳು.

ನನಗಿದ್ದ ಚಿಂತೆ ಸೆಕ್ಯುರಿಟಿಯದು. ಅಕ್ಕ ಲಿಂಗವಂತೆ; ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ, ಶಿವದಾರದಲ್ಲಿ ಕಟ್ಟಿ ಎದೆಯ ಮೇಲೆ. ದೀಕ್ಷೆಯಾದ ದಿನದಿಂದ ಅದು ಮೈಬಿಟ್ಟಿದ್ದಿಲ್ಲ. ಲೋಹ ಅಂದ ಮೇಲೆ ಯಂತ್ರ ಕೂಗಿಯೇ ಕೂಗುತ್ತದೆ, ತೆಗೆದು ಟ್ರೇಗೆ ಹಾಕಿ ಎಂದರೆ? ಚಪ್ಪಲಿ, ಫೋನು ಕೂತ ಟ್ರೇ ಅದು. ಪರದೆಯ ಹಿಂದೆ ತಪಾಸಣೆ ಮಾಡುವ ಹುಡುಗಿಗೆ ನಾನು ಮೊದಲೇ ಹೇಳಿದೆ. ಅವಳು ಉತ್ತರದ ಕಡೆಯವಳು, ಕನ್ನಡ ಬಾರದು. ಅಕ್ಕ ತಾನೇ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಮುಂದೆ ಚಾಚಿದಳು. ಆ ಹುಡುಗಿ ಮುಟ್ಟಲಿಲ್ಲ. ಬಾಗಿ ನೋಡಿದಳು, ಖಾಲಿ ಕರಡಿಗೆಯನ್ನು ಕೈಯಂತ್ರದಲ್ಲಿ ಸವರಿದಳು, ಎರಡು ಹೆಜ್ಜೆ ಹಿಂದೆ ಸರಿದು "ಹೋಗಿ ಅಮ್ಮ" ಎಂದು ಹಿಂದಿಯಲ್ಲಿ ಹೇಳಿದಳು. ಸಾಲು ಉದ್ದ ಇತ್ತು. ಅಕ್ಕ ಮತ್ತೆ ಕಟ್ಟಿಕೊಳ್ಳುವ ತನಕ ಅವಳು ಹಿಂದಿನವರನ್ನು ಕರೆಯಲೇ ಇಲ್ಲ.

ಎರಡನೇ ದಿನ

ಬೆಳಗಿನ ಜಾವ ನಾಲ್ಕೂವರೆಗೆ ವಿಮಾನ. ಮೊದಲು ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಲಂಡನ್ನಿಗೆ ಏಳೂವರೆ ಗಂಟೆ. ಬೆಂಗಳೂರಿನಿಂದ ನೇರ ವಿಮಾನಗಳೂ ಇವೆ. ನಾನು ಬೇಕೆಂದೇ ನಡುವೆ ಇಳಿಯುವ ದಾರಿ ಆರಿಸಿದೆ. ಹತ್ತು ಗಂಟೆಗೂ ಮೇಲೆ ಒಂದೇ ಸೀಟಿನಲ್ಲಿ ಅಕ್ಕನ ಮೊಣಕಾಲು ತಡೆಯುವುದಿಲ್ಲ.

ವಿಮಾನ ಓಡತೊಡಗಿದಾಗ ಅಕ್ಕ ನನ್ನ ಮುಂಗೈ ಹಿಡಿದಳು. ನೆಲ ಬಿಟ್ಟ ಕ್ಷಣ ಕಣ್ಣು ಮುಚ್ಚಿದ್ದಳು. ತೆಗೆದಾಗ ಕೆಳಗೆ ದೇವನಹಳ್ಳಿಯ ದೀಪಗಳು. "ನಾಗರಪಂಚಮಿ ಜೋಕಾಲಿ ಮ್ಯಾಲೆ ಹೋದಾಗ ಹೊಟ್ಟೆ ಹಿಂಗೇ ಆಗ್ತಿತ್ತು ಅಲ್ವೇನೇ" ಎಂದಳು. ಆಮೇಲೆ ನಿದ್ದೆ ಹೋದಳು.

ದುಬೈಯಲ್ಲಿ ಗಡಿಯಾರ ಒಂದೂವರೆ ಗಂಟೆ ಹಿಂದೆ. ಮುಖ ತೊಳೆದು ಬಂದ ಅಕ್ಕನಿಗೆ ಪೂಜೆ ಆಗದೆ ನೀರೂ ಇಳಿಯುವುದಿಲ್ಲ. ಗೇಟಿನ ಹತ್ತಿರ ಗಾಜಿನ ಗೋಡೆಯ ಕಡೆ ಮುಖ ಮಾಡಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ. ಪತ್ರಿ ಇಲ್ಲ, ಹೂವಿಲ್ಲ. ಎದುರಿಗೆ ಎರಡು ಅಂತಸ್ತಿನ ಎ380 ವಿಮಾನ ನಿಂತಿತ್ತು, ಅದರ ಮೇಲೆ ಬೆಳಗಿನ ಬಿಸಿಲು. ಪಕ್ಕದ ಸಾಲಿನಲ್ಲಿ ಒಬ್ಬ ಮುದುಕರು ಜಪಮಾಲೆ ಎಣಿಸುತ್ತ ಕೂತಿದ್ದರು. ಯಾರೂ ಯಾರ ಕಡೆಯೂ ತಿರುಗಿ ನೋಡಲಿಲ್ಲ.

ಎರಡನೇ ವಿಮಾನದಲ್ಲಿ ನಾನು ಮೊದಲೇ ಬರೆಸಿಟ್ಟಿದ್ದ 'ಏಷ್ಯನ್ ವೆಜಿಟೇರಿಯನ್' ಊಟ ಎಲ್ಲರಿಗಿಂತ ಮೊದಲು ಬಂತು. ಇದೊಂದನ್ನು ಓದುವವರು ನೆನಪಿಡಬೇಕು: ಟಿಕೆಟ್ ಮಾಡುವಾಗ 'ಹಿಂದೂ ಮೀಲ್' ಅಂತ ಆರಿಸಿದರೆ ಅದು ಸಸ್ಯಾಹಾರವಲ್ಲ. ಮೊದಲ ಪ್ರಯಾಣದಲ್ಲಿ ಹೆಸರು ನೋಡಿ ನಂಬಿ, ಕೋಳಿ ಬಂದು, ನಾನು ಏಳು ಗಂಟೆ ಬ್ರೆಡ್ಡು ಬಾಳೆಹಣ್ಣಿನಲ್ಲಿ ಕಳೆದಿದ್ದೆ.

ಊಟ ಆದಮೇಲೆ ಅಕ್ಕನನ್ನು ಎಬ್ಬಿಸಿ ಹಿಂದಿನ ಬಾಗಿಲ ತನಕ ನಡೆಸಿದೆ. ಎರಡು ಗಂಟೆಗೊಮ್ಮೆ ಹೀಗೆ ಎದ್ದು ನಡೆಯಲೇಬೇಕು. ಹೊರಗೆ ಹನ್ನೊಂದು ಕಿಲೋಮೀಟರ್ ಎತ್ತರ, ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ. ಒಳಗೆ ಗಾಳಿ ತುಂಬಿರುತ್ತಾರೆ ನಿಜ, ಆದರೆ ನೆಲದ ಮಟ್ಟದಷ್ಟು ಅಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ವಿಮಾನದೊಳಗಿನ ಗಾಳಿ 2,400 ಮೀಟರ್ ಎತ್ತರದ ಬೆಟ್ಟದಲ್ಲಿ ಇರುವಷ್ಟು ತೆಳುವಾಗಿರಬಹುದು. ಒಣಗಾಳಿ ಬೇರೆ. ಅದಕ್ಕೇ ಬಾಯಿ ಒಣಗುವುದು, ಕಿವಿ ಕಟ್ಟುವುದು. ಅಲ್ಲಾಡದೆ ಕೂತರೆ ಪಾದ ಊದುತ್ತದೆ. ಅಕ್ಕನ ಕಾಲುಂಗುರ ಬಿಗಿಯಾಗಿತ್ತು. ಕುಡಿಯಲು ನೀರು ತಂದುಕೊಟ್ಟೆ.

ಮುಂದಿನ ಪರದೆಯ ಮ್ಯಾಪಿನಲ್ಲಿ ಪುಟ್ಟ ವಿಮಾನ ಟರ್ಕಿ ದಾಟಿ ಕಪ್ಪು ಸಮುದ್ರದ ಮೇಲೆ ಹೋಗುತ್ತಿತ್ತು. ಅಕ್ಕ ಕಿಟಕಿ ನೋಡಿ ಕೈಗಡಿಯಾರ ನೋಡಿದಳು. ಅವಳ ಗಡಿಯಾರದಲ್ಲಿ ಸಂಜೆ ನಾಲ್ಕು, ಹೊರಗೆ ಸೂರ್ಯ ನೆತ್ತಿಯ ಮೇಲೆ. "ಇವತ್ತು ಹೊತ್ತೇ ಇಳೀತಿಲ್ಲ" ಎಂದಳು. ಸೂರ್ಯ ಹೋಗುವ ದಿಕ್ಕಿಗೇ ನಾವೂ ಹೋಗುತ್ತಿದ್ದೇವೆ, ಹಾಗಾಗಿ ಇವತ್ತಿನ ದಿನವೇ ನಾಲ್ಕೂವರೆ ಗಂಟೆ ಹೆಚ್ಚು ಉದ್ದ ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇವತ್ತು ನಿಮ್ಮ ಭಾವನ ತಿಥಿ ಬಂದಿದ್ರೆ ಎಷ್ಟು ಹೊತ್ತು ಉಪವಾಸ ಇರಬೇಕಿತ್ತೋ" ಎಂದಳು. ಅದನ್ನು ಬೇಸರದಿಂದ ಹೇಳಲಿಲ್ಲ, ಲೆಕ್ಕ ಹಾಕುತ್ತ ಹೇಳಿದಳು.

ಹೀಥ್ರೂಗೆ ಇಳಿಯುವಾಗ ಬಲಗಡೆಯ ಕಿಟಕಿ ಸಿಕ್ಕರೆ ಅದೃಷ್ಟ. ಪೂರ್ವದಿಂದ ಇಳಿಯುವ ದಿನಗಳಲ್ಲಿ ಇಡೀ ಲಂಡನ್ ಬಲಕ್ಕೆ ಹರಡಿಕೊಳ್ಳುತ್ತದೆ. ಮೊದಲು ಥೇಮ್ಸ್ ಹೊಳೆಯ ಅಂಕುಡೊಂಕು, ಪಾರ್ಲಿಮೆಂಟು, ದೊಡ್ಡ ಚಕ್ರ. ಸ್ವಲ್ಪ ಹೊತ್ತು ಬಿಟ್ಟು ಹಸಿರಿನ ನಡುವೆ ಬಿಳಿಯಾಗಿ ಹೊಳೆಯುವ ಗಾಜು. ಅದೇ ಕ್ಯೂ. ಮೂರನೇ ಸಲ ನೋಡಿದರೂ ಗಂಟಲು ಕಟ್ಟಿತು.

ವಲಸೆ ಕೌಂಟರಿನ ಸಾಲು ಒಂದೂವರೆ ಗಂಟೆ. ಹೊರಗೆ ಮಗಳು, ಅವಳ ಸೊಂಟದ ಮೇಲೆ ಮೊಮ್ಮಗ. "ದೊಡ್ಡಮ್ಮ!" ಎಂದು ಅವಳು ಓಡಿ ಬಂದು ಕಾಲು ಮುಟ್ಟಿದಳು. ಪಿಕಡಿಲಿ ಲೈನಿನ ರೈಲಿನಲ್ಲಿ ಮೂರೇ ಸ್ಟೇಷನ್. ಮನೆ ಸೇರಿದಾಗ ದಾವಣಗೆರೆ ಬಿಟ್ಟು ಮೂವತ್ತು ಗಂಟೆಯಷ್ಟು ಆಗಿತ್ತು.

ಮೂರನೇ ದಿನ

ನಸುಕಿನ ಮೂರೂವರೆಗೆ ಅಕ್ಕ ಸ್ನಾನ ಮಾಡಿ ಕೂತಿದ್ದಳು. ಊರಲ್ಲಿ ಎಂಟು ಗಂಟೆ. ನಾಲ್ಕೂಮುಕ್ಕಾಲಿಗೆ ಬಿಸಿಲೇ ಬಂತು. ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗಿತು. ಸಂಜೆಯ ಪೂಜೆ ಯಾವಾಗ ಮಾಡಬೇಕು ಎಂದು ಅವಳಿಗೆ ಗೊಂದಲ. ಕೊನೆಗೆ ಹೊಟ್ಟೆ ಹಸಿದಾಗ ಎಂದು ತೀರ್ಮಾನಿಸಿದಳು.

ಇಡೀ ದಿನ ಮನೆಯಲ್ಲೇ. ಮಂಡಕ್ಕಿಗೆ ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿ ಮಾಡಿದರು. ಹಿತ್ತಲಲ್ಲಿ ಕೂತರೆ ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ, ಗಾಲಿ ಇಳಿಬಿಟ್ಟುಕೊಂಡು. ಮೊಮ್ಮಗ ಪ್ರತಿಯೊಂದಕ್ಕೂ ಕೈಬೀಸುತ್ತಿದ್ದ.

ನಾಲ್ಕನೇ ದಿನ

237ನೇ ನಂಬರಿನ ಕೆಂಪು ಬಸ್ಸು ಹತ್ತಿ, ಮೇಲಂತಸ್ತಿನ ಮುಂದಿನ ಸೀಟು ಹಿಡಿದು ಕ್ಯೂ ಬ್ರಿಜ್ ಹತ್ತಿರ ಇಳಿದೆವು. ಸೇತುವೆ ನಡೆದೇ ದಾಟಿದೆವು. ಹನ್ನೊಂದು ಗಂಟೆ. ಕೆಳಗೆ ಥೇಮ್ಸ್ ಲಂಡನ್ನಿನ ಪೇಟೆಯ ಕಡೆ ರಭಸದಿಂದ ಹರಿಯುತ್ತಿತ್ತು, ದಡದಲ್ಲಿ ಕೆಸರು. "ಹರಿಹರದ ಹೊಳೆಗಿಂತ ಸಣ್ಣದು" ಎಂದು ಅಕ್ಕ ತೀರ್ಪು ಕೊಟ್ಟಳು.

ಕ್ಯೂ ತೋಟದ ಹುಟ್ಟು 1759. ನಮಗೂ ಇದಕ್ಕೂ ಇರುವ ನಂಟನ್ನು ನಾನು ತರಗತಿಯಲ್ಲಿ ಬಿಡದೆ ಹೇಳುತ್ತಿದ್ದೆ. ಲಾಲ್‌ಬಾಗಿನ ಗಾಜಿನ ಮನೆ 1889ರದು. ಆಗ ಅಲ್ಲಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್ ಕ್ಯೂನಿಂದ ಬಂದವರು. ಅವರ ನಂತರ ಬಂದ ಕೃಂಬಿಗಲ್ ಜರ್ಮನಿಯವರಾದರೂ ಕ್ಯೂನಲ್ಲಿ ಕೆಲಸ ಮಾಡಿದವರು. ಕುಂದವಾಡ ಕೆರೆಯ ಪಕ್ಕದ ನಮ್ಮ ದಾವಣಗೆರೆಯ ಗಾಜಿನ ಮನೆ ಲಾಲ್‌ಬಾಗಿನದನ್ನು ನೋಡಿ ಕಟ್ಟಿದ್ದು. ಹಾಗೆ ನೋಡಿದರೆ ಭಾನುವಾರ ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗದ ಬೇರು ಈ ಹೊಳೆಯ ದಂಡೆಯಲ್ಲಿದೆ.

ಪಾಮ್ ಹೌಸ್ 1844ರಿಂದ 1848ರೊಳಗೆ ಎದ್ದದ್ದು. ಕಬ್ಬಿಣದ ಕಮಾನು, ಹದಿನಾರು ಸಾವಿರ ಗಾಜು. ಹಡಗು ಕಟ್ಟುವ ಕಸುಬನ್ನೇ ಬಳಸಿದ್ದರಿಂದ ಬೋರಲು ಹಾಕಿದ ಹಡಗಿನ ಹಾಗೆ ಕಾಣುತ್ತದೆ. ಬಾಗಿಲು ತೆಗೆದರೆ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಅಕ್ಕ ಅಲ್ಲೇ ಸ್ವೆಟರ್ ಬಿಚ್ಚಿ, ಮೂರು ದಿನದಲ್ಲಿ ಮೊದಲ ಸಲ ಉಸಿರಾಡಿದವಳಂತೆ ನಿಂತಳು. ಬಾಳೆ ಗುರುತಿಸಿದಳು. ಮೆಣಸಿನ ಬಳ್ಳಿ ಗುರುತಿಸಿದಳು. ಅಡಿಕೆ ಎಲ್ಲಿ ಎಂದು ಹುಡುಕಿದಳು. ಒಂದು ಮೂಲೆಯಲ್ಲಿ ಕುಂಡದೊಳಗಿನ ಸೈಕಾಡ್, ತಾಳೆಯ ಹಾಗೆ ಕಾಣುವ ಗಿಡ, ಭಾರಕ್ಕೆ ಕಾಂಡ ಓರೆಯಾಗಿ ಊರುಗೋಲುಗಳ ಮೇಲೆ ಮಲಗಿದೆ. 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದು. "ಆವಾಗ ನಮ್ಮ ದುರ್ಗದಾಗೆ ಮದಕರಿ ನಾಯಕ ಇದ್ದ" ಎಂದೆ. ಹೈದರಾಲಿಗೆ ದುರ್ಗ ಬಿದ್ದದ್ದು 1779ರಲ್ಲಿ. ಅಷ್ಟರಲ್ಲಿ ಈ ಗಿಡ ಕ್ಯೂಗೆ ಬಂದು ನಾಲ್ಕು ವರ್ಷ. ಅಕ್ಕ ಅದರ ಊರುಗೋಲು ಮುಟ್ಟಿ ನೋಡಿದಳು.

ಟೆಂಪರೇಟ್ ಹೌಸಿನಲ್ಲಿ ಇನ್ನೊಂದು ಸೈಕಾಡ್ ಇದೆ, ವುಡಿ ಎನ್ನುವ ಜಾತಿ. 1895ರಲ್ಲಿ ದಕ್ಷಿಣ ಆಫ್ರಿಕಾದ ಕಾಡಿನಲ್ಲಿ ಒಂದೇ ಒಂದು ಗಂಡುಗಿಡ ಸಿಕ್ಕಿತು. ಅಲ್ಲಿಂದ ಇಲ್ಲಿಯತನಕ ಹೆಣ್ಣುಗಿಡ ಸಿಕ್ಕಿಲ್ಲ. ಲೋಕದಲ್ಲಿ ಈಗಿರುವವೆಲ್ಲ ಆ ಒಂದರ ಮರಿಗಳೇ. ಇದರ ಮುಂದೆ ನಾನು ಪ್ರತಿ ಸಲ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅಕ್ಕನಿಗೆ ಹೇಳಲೋ ಬೇಡವೋ ಎಂದುಕೊಂಡು ಹೇಳಿದೆ. ಅವಳು ಕೇಳಿದ್ದು ಒಂದೇ: "ಇನ್ನೂ ಹುಡುಕ್ತಾ ಅದಾರಾ?" ಹೌದು, ಹುಡುಕುತ್ತಿದ್ದಾರೆ ಎಂದೆ. ಸಮಾಧಾನವಾಯಿತು ಅವಳಿಗೆ.

ಐದನೇ ದಿನ

ಹ್ಯಾಮರ್‌ಸ್ಮಿತ್‌ನಲ್ಲಿ ರೈಲು ಬದಲಿಸಿ ವೆಸ್ಟ್‌ಮಿನ್‌ಸ್ಟರ್. ಹೊರಗೆ ಬರುತ್ತಲೇ ಬಿಗ್ ಬೆನ್ ಗೋಪುರ ತಲೆಯ ಮೇಲೆ. ಫೋಟೋ ತೆಗೆದು ಮುಂದೆ ಹೋದೆವು. ಅಲ್ಲಿ ಜನಜಾತ್ರೆ, ನಿಲ್ಲಲು ಆಗುವುದಿಲ್ಲ. ಅಕ್ಕ ಇಷ್ಟು ದೂರ ಬಂದದ್ದು ಬಸವಣ್ಣನವರ ಮೂರ್ತಿ ನೋಡಲಿಕ್ಕೆ. ಸೇತುವೆ ದಾಟಿ ಬಲಕ್ಕೆ ಇಳಿದು ಹೊಳೆಯ ದಂಡೆಗುಂಟ ನಡೆದರೆ ಲ್ಯಾಂಬೆತ್ ಸೇತುವೆ, ಅದನ್ನು ಹತ್ತದೆ ಅದೇ ದಂಡೆಯಲ್ಲಿ ಮುಂದೆ ಹೋದರೆ ಮೂರ್ತಿ. ಆ ದಾರಿಯಲ್ಲಿ ಒಂದು ಗೋಡೆ ಬರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಬೇರೆ ದಾರಿಯಲ್ಲಿ ಕರೆದೊಯ್ಯಬಹುದಿತ್ತು. ಹಿಂದಿನ ರಾತ್ರಿ ಮಗಳೂ ನಾನೂ ಮಾತಾಡಿಕೊಂಡಿದ್ದೆವು.

ಅರ್ಧ ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆ. ಉದ್ದಕ್ಕೂ ಕೆಂಪು ಬಣ್ಣದ ಹೃದಯಗಳು, ಅಂಗೈ ಅಗಲದವು, ಒಂದಕ್ಕೊಂದು ತಾಗಿಕೊಂಡು. ಕೊರೋನಾದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚ್ ಕೊನೆಯಲ್ಲಿ ಮನೆಯವರನ್ನು ಕಳೆದುಕೊಂಡವರೇ ಬಂದು ಬರೆಯಲು ಶುರುಮಾಡಿದರು. ಈಗ ಎರಡು ಲಕ್ಷಕ್ಕೂ ಹೆಚ್ಚು. ಎದುರಿಗೆ, ಹೊಳೆಯ ಆಚೆ, ಪಾರ್ಲಿಮೆಂಟು.

ಭಾವ ಹೋದದ್ದೂ 2021ರಲ್ಲೇ, ಮೇ ತಿಂಗಳಲ್ಲಿ. ಕಾಟನ್ ಮಿಲ್ಲಿನಲ್ಲಿ ಮೂವತ್ತು ವರ್ಷ ನೂಲಿನ ಧೂಳು ಕುಡಿದ ಪುಪ್ಪುಸ, ಹನ್ನೊಂದು ದಿನ ತಡೆಯಿತು. ಆಸ್ಪತ್ರೆಯಿಂದ ನೇರ ಮಣ್ಣಿಗೆ. ಅಕ್ಕ ಮುಖ ನೋಡಲಿಲ್ಲ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಮಾಡಬೇಕಾದ ಸಂಸ್ಕಾರ ಒಂದೂ ಆಗಲಿಲ್ಲ. ಅದನ್ನು ಅವಳು ನಾಲ್ಕು ಜನರ ಮುಂದೆ ಒಂದು ದಿನವೂ ಆಡಿದವಳಲ್ಲ.

"ಏನೇ ಇದು?" ಎಂದಳು. ಹೇಳಿದೆ. ಕೈ ಹಿಂದೆ ಕಟ್ಟಿಕೊಂಡು ಗೋಡೆಗುಂಟ ನಿಧಾನ ನಡೆದಳು. ಮಳೆಗೆ ಕೆಲವು ಹೃದಯಗಳ ಬಣ್ಣ ಮಾಸಿತ್ತು. ವಯಸ್ಸಾದ ಹೆಂಗಸೊಬ್ಬರು ಮಡಚುವ ಕುರ್ಚಿಯಲ್ಲಿ ಕೂತು, ಸಣ್ಣ ಕುಂಚದಿಂದ ಮಾಸಿದ್ದರ ಮೇಲೆ ಮತ್ತೆ ಬಣ್ಣ ಹಚ್ಚುತ್ತಿದ್ದರು. ಒಂದು ಮುಗಿಸಿ ಕುರ್ಚಿ ಒಂದಡಿ ಸರಿಸಿಕೊಂಡು ಇನ್ನೊಂದು. ಅಕ್ಕ ಅವರ ಪಕ್ಕ ನಿಂತು ನೋಡಿದಳು. "ಹೆಸರು ಓದು" ಎಂದಳು ನನಗೆ. ಒಳಗೆ ಬರೆದಿದ್ದನ್ನು ಓದುತ್ತ ಹೋದೆ. ಅಜ್ಜ, ಅಮ್ಮ, ನಮ್ಮಣ್ಣ, ಎಂಬತ್ತೆರಡು ವರ್ಷ, ಮೂವತ್ತನಾಲ್ಕು ವರ್ಷ. ಹತ್ತು ಹನ್ನೆರಡು ಆದ ಮೇಲೆ "ಸಾಕು" ಎಂದಳು. ಚೀಲದಿಂದ ವಿಭೂತಿಗಟ್ಟಿ ತೆಗೆದು ಮೂರು ಬೆರಳಿಗೆ ಸವರಿಕೊಂಡಳು. ಗೋಡೆಗೆ ಹಚ್ಚಲಿಲ್ಲ. ತನ್ನ ಹಣೆಗೇ ಹಚ್ಚಿಕೊಂಡು ಅಲ್ಲಿ ಸ್ವಲ್ಪ ಹೊತ್ತು ನಿಂತಳು. ಕುಂಚದ ಹೆಂಗಸು ತಲೆ ಎತ್ತಿ ನೋಡಿ, ಏನೂ ಕೇಳದೆ, ತಲೆ ಬಾಗಿಸಿದರು.

ಬಸವಣ್ಣನವರ ಮೂರ್ತಿ ಎದೆಮಟ್ಟದ್ದು, ಎತ್ತರದ ಪೀಠದ ಮೇಲೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲ್ ಅವರ ಹಟದಿಂದ ಆದ ಕೆಲಸ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಕಸುಬಿನವರನ್ನೂ, ಹೆಣ್ಣುಮಕ್ಕಳನ್ನೂ ಸರಿಸಮ ಕೂರಿಸಿದವರ ಮೂರ್ತಿ, ಪಾರ್ಲಿಮೆಂಟಿನಿಂದ ಕೂಗಳತೆಯಲ್ಲಿ. ಅಕ್ಕ ಪೀಠಕ್ಕೆ ಹಣೆ ಹಚ್ಚಿದಳು. ಅಲ್ಲೇ ಬೆಂಚಿನ ಮೇಲೆ ಕೂತು ಕರಡಿಗೆ ಬಿಚ್ಚಿದಳು. ಸಂಜೆ ಐದೂಕಾಲು, ಬಿಸಿಲು ಇನ್ನೂ ಮಧ್ಯಾಹ್ನದ್ದು.

ಪೂಜೆ ಮುಗಿಸಿ ದಂಡೆಯ ಕಟ್ಟೆಗೆ ಬಂದವಳು ತಟ್ಟನೆ ನನ್ನ ಸೆರಗು ಜಗ್ಗಿದಳು. "ಇದೇನೇ ಇದು, ಹೊಳೆ ಹಿಂದಕ್ಕೆ ಹರಿತೈತಲ್ಲೇ!" ನಿಜ. ನೀರಿನ ಮೇಲೆ ತೇಲುತ್ತಿದ್ದ ಒಂದು ಮರದ ತುಂಡು ಪಾರ್ಲಿಮೆಂಟಿನ ಕಡೆಯಿಂದ ಬಂದು ಕ್ಯೂ ಇರುವ ದಿಕ್ಕಿಗೆ ಹೋಗುತ್ತಿತ್ತು. ಸಮುದ್ರದ ಭರತ ಇಲ್ಲಿತನಕ ಒಳಗೆ ನುಗ್ಗುತ್ತದೆ, ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಲಂಡನ್ ಬ್ರಿಜ್ ಹತ್ತಿರ ಏಳು ಮೀಟರ್ ತನಕ. ತುಂಗಭದ್ರೆಯ ದಂಡೆಯವರಿಗೆ ಇದನ್ನು ಬಾಯಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ. ಅಕ್ಕ ಕಟ್ಟೆಗೆ ಒರಗಿ ಆ ಮರದ ತುಂಡು ಕಣ್ಮರೆಯಾಗುವ ತನಕ ನೋಡಿದಳು. "ತಿರುಗೋದು ಯಾವಾಗ? ಅದನ್ನ ನೋಡ್ಬೇಕು."

ಆರನೇ ದಿನ

ಮಗಳು ಭರತದ ವೇಳಾಪಟ್ಟಿ ತೆಗೆದು ನೋಡಿದಳು. ನೀರು ತುಂಬಿ ತಿರುಗುವ ಹೊತ್ತು ದಿನಾ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುತ್ತದೆ. ಇವತ್ತು ಸಂಜೆ ಏಳೂ ಇಪ್ಪತ್ತು. ಬೇರೇನೂ ನೋಡಲು ಹೋಗಲಿಲ್ಲ. ಐದೂವರೆಗೆ ಮನೆ ಬಿಟ್ಟು, ಏಳಕ್ಕೆ ಬಸವಣ್ಣನವರ ಮುಂದಿನ ಕಟ್ಟೆಯ ಹತ್ತಿರ ಇದ್ದೆವು. ಡಬ್ಬಿಯಲ್ಲಿ ಒಗ್ಗರಣೆ ಮಂಡಕ್ಕಿ.

ನಿನ್ನೆ ಕಂಡ ಮರಳು ದಡ ಇವತ್ತು ಇಲ್ಲವೇ ಇಲ್ಲ, ನೀರು ಕಲ್ಲಿನ ಗೋಡೆಗೆ ಹತ್ತಿಕೊಂಡಿತ್ತು. ಅಕ್ಕ ನಾಲ್ಕು ಕಾಳು ಮಂಡಕ್ಕಿ ನೀರಿಗೆ ಹಾಕಿದಳು. ಎಡಕ್ಕೆ ಹೋದವು, ನಿಧಾನ. ಸ್ವಲ್ಪ ಹೊತ್ತು ಬಿಟ್ಟು ಇನ್ನು ನಾಲ್ಕು. ಇನ್ನೂ ನಿಧಾನ. ಏಳೂಕಾಲು ದಾಟಿದ ಮೇಲೆ ಹಾಕಿದ್ದು ಹಾಕಿದಲ್ಲೇ ಸುಮ್ಮನೆ ತಿರುಗುತ್ತ ನಿಂತವು. ಹೊಳೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಆಚೆ ದಂಡೆಯಲ್ಲಿ ಕಟ್ಟಿದ್ದ ದೋಣಿಯ ಹಗ್ಗ ಸಡಿಲವಾಗಿ ನೀರಿಗೆ ತಾಗಿತ್ತು. ಅಕ್ಕ ಮಾತಾಡಬೇಡ ಎನ್ನುವಂತೆ ನನ್ನ ಮುಂಗೈ ಹಿಡಿದಿದ್ದಳು, ವಿಮಾನ ನೆಲ ಬಿಡುವಾಗ ಹಿಡಿದ ಹಾಗೇ.

ದೋಣಿಯ ಹಗ್ಗ ಮೆಲ್ಲಗೆ ಬಿಗಿಯಾಯಿತು. ಮಂಡಕ್ಕಿ ಕಾಳುಗಳು ಬಲಕ್ಕೆ ಹೊರಟವು, ಸಮುದ್ರದ ಕಡೆಗೆ.

"ತಿರುಗ್ತು" ಎಂದಳು ಅಕ್ಕ.